ಬಾಗಿಲಿಗೆ ಬಂದ ಶಿರಾ ತೋಟ

ಮೂರು ದಿನ ನಾನು ನಮ್ಮ ಮನೆಗೆ ಹಿತ್ತಿಲ ಬಾಗಿಲಿನಿಂದಲೇ ಓಡಾಡಿದೆ. ಬೆಳಿಗ್ಗೆ ಹಾಲು ತರುವುದಕ್ಕೆ, ಸಂಜೆ ಅಮಾನಿಕೆರೆ ಕಡೆ ವಾಕಿಂಗ್ ಹೋಗುವುದಕ್ಕೆ, ನಡುವೆ ಹೂವಮ್ಮ ಬಂದು ಕೂಗಿದರೆ ಅದಕ್ಕೆ, ಎಲ್ಲಕ್ಕೂ ಹಿತ್ತಿಲ ಬಾಗಿಲೇ. ಬಟ್ಟೆ ಒಗೆಯುವ ಕಲ್ಲು ದಾಟಿ, ಸಂಪಿನ ಮುಚ್ಚಳದ ಮೇಲೆ ಕಾಲಿಟ್ಟು, ಕರಿಬೇವಿನ ಕೊಂಬೆ ತಲೆಗೆ ತಾಗದಂತೆ ಬಗ್ಗಿ, ಮನೆಯ ಪಕ್ಕದ ಓಣಿಯಲ್ಲಿ ಸುತ್ತು ಹಾಕಿ ರಸ್ತೆಗೆ ಬರಬೇಕು. 72 ವರ್ಷದ ಮೊಣಕಾಲಿಗೆ ಇದು ಸಣ್ಣ ಕೆಲಸವಲ್ಲ. ಮನೆಯಲ್ಲಿ ಯಾರೂ ಗಮನಿಸಿಲ್ಲ ಎಂದುಕೊಂಡಿದ್ದೆ. ನಾಲ್ಕನೆಯ ದಿನ, ಆರನೆಯ ತರಗತಿಯಲ್ಲಿ ಓದುವ ನನ್ನ ಮೊಮ್ಮಗಳು ಪುಟ್ಟಿ ಒಗೆಯುವ ಕಲ್ಲಿನ ಮೇಲೆ ಕಾಲು ಇಳಿಬಿಟ್ಟು ಕುಳಿತು ನನ್ನನ್ನೇ ಕಾಯುತ್ತಿದ್ದಳು.

"ಅಜ್ಜಿ, ಮುಂದಿನ ಬಾಗಿಲಿಗೂ ನಿಂಗೂ ಜಗಳಾನಾ?"

ಜಗಳ ಬಾಗಿಲಿನ ಜೊತೆ ಅಲ್ಲ, ಬಾಗಿಲ ಮೇಲೆ ತೂಗುತ್ತಿದ್ದುದರ ಜೊತೆ. ದಸರಾ ರಜೆಗೆ ಮುಂಚಿನ ಶನಿವಾರ ನನ್ನ ಸೊಸೆಗೆ ಒಂದು ಪಾರ್ಸೆಲ್ ಬಂದಿತ್ತು. ಊಟದ ತಟ್ಟೆಗಿಂತ ದೊಡ್ಡದಾದ ಒಂದು ಬಳೆ, ಅದರ ಸುತ್ತ ಬಿಳಿಯ ಪ್ಲಾಸ್ಟಿಕ್ ಗುಲಾಬಿಗಳು, ನಡುನಡುವೆ ಹಸಿರು ಎಲೆ.

"ಅತ್ತೆ, ಇದಕ್ಕೆ ರೀತ್ ಅಂತಾರೆ."

"ಯಾವ ರೀತಿ?"

"ರೀತಿ ಅಲ್ಲ ಅತ್ತೆ, ರೀತ್. ಬಾಗಿಲಿಗೆ ಹಾಕೋದು. ಬಂದವರಿಗೆ ಸ್ವಾಗತ ಅಂತ. ಹಬ್ಬಕ್ಕೆ ಮನೆ ಲಕ್ಷಣವಾಗಿ ಕಾಣುತ್ತೆ."

"ಚೆನ್ನಾಗಿದೆಯಮ್ಮ" ಎಂದೆ. ಆಮೇಲೆ ಎದ್ದು ಹಿತ್ತಿಲಿಗೆ ಹೋದೆ.

ಎರಡು ವರ್ಷದ ಹಿಂದೆ ನಮ್ಮ ಯಜಮಾನರು ಹೋದರು. 17 ವರ್ಷ ಸೈನ್ಯದಲ್ಲಿದ್ದವರು ಅವರು. ಅಂದು ಮಾಜಿ ಸೈನಿಕರು ಹತ್ತು ಹನ್ನೆರಡು ಜನ ಟೋಪಿ ಹಾಕಿಕೊಂಡು ಬಂದು, ಸಾಲಾಗಿ ನಿಂತು, ಅವರ ಎದೆಯ ಮೇಲೆ ಒಂದು ಪುಷ್ಪಚಕ್ರ ಇಟ್ಟು ಸೆಲ್ಯೂಟ್ ಹೊಡೆದರು. ದುಂಡಗೆ, ಬಿಳಿಯ ಹೂ, ಹಸಿರು ಎಲೆ. ಅದು ಗೌರವ ಎಂದು ನನಗೆ ಗೊತ್ತು. ಆದರೆ ಕೊನೆಯ ಆರು ತಿಂಗಳು ಅವರಿಗೆ ಉಬ್ಬಸ. ಎದೆಯ ಮೇಲೆ ಹೊದಿಕೆ ಹಾಕಿದರೂ "ಭಾರ ಕಣೇ" ಎಂದು ತಳ್ಳಿಬಿಡುತ್ತಿದ್ದರು. ಆ ಚಕ್ರವನ್ನು ಅವರ ಎದೆಯ ಮೇಲೆ ಕಂಡಾಗ "ಸ್ವಲ್ಪ ಕೆಳಗೆ ಸರಿಸಿ, ಅವರಿಗೆ ಭಾರ ಆಗುತ್ತೆ" ಎನ್ನಬೇಕೆಂದು ಬಾಯಿಗೆ ಬಂತು. ಅಷ್ಟು ಜನರೆದುರು ಹಾಗೆ ಹೇಳುವುದು ಹೇಗೆ? ಹೇಳಲಿಲ್ಲ. ಹೇಳದೆ ಉಳಿದ ಆ ಮಾತು ಈಗ ನಮ್ಮ ಬಾಗಿಲ ಮೇಲೆ ಬಿಳಿ ಗುಲಾಬಿಯಾಗಿ ತೂಗುತ್ತಿತ್ತು.

ಇದನ್ನೆಲ್ಲ ಹನ್ನೊಂದು ವರ್ಷದ ಮಗುವಿಗೆ ಹೇಳಬೇಕೋ ಬೇಡವೋ. ಆದರೆ ಕೇಳಿದವಳು ಅವಳೊಬ್ಬಳೇ. ಹೇಳಿದೆ. ಪುಟ್ಟಿ ಏನೂ ಮಾತಾಡಲಿಲ್ಲ. ಒಳಗೆ ಹೋಗಿ, ಸ್ಟೂಲ್ ಎಳೆದುಕೊಂಡು, ಅದನ್ನು ಬಾಗಿಲಿನಿಂದ ಇಳಿಸಿ ಮಂಚದ ಕೆಳಗೆ ತಳ್ಳಿದಳು. ಸಂಜೆ ಅವಳಮ್ಮ ಕೆಲಸದಿಂದ ಬಂದು "ರೀತ್ ಎಲ್ಲಿ?" ಎಂದು ಕೇಳಿದರೆ, "ಧೂಳಾಗಿತ್ತು, ತೊಳೀಬೇಕು" ಎಂದಳು.

"ಹಾಕಿ ನಾಲ್ಕು ದಿನ ಆಗಿಲ್ಲ, ಅದೆಂಥ ಧೂಳು?"

ಪುಟ್ಟಿಗೆ ಸುಳ್ಳು ಹೇಳುವುದು ಬರುವುದಿಲ್ಲ. ಇನ್ನೆರಡು ಪ್ರಶ್ನೆಗೆ ಎಲ್ಲ ಹೊರಗೆ ಬಂತು. ಸೊಸೆ ವ್ಯಾನಿಟಿ ಬ್ಯಾಗನ್ನೂ ಕೆಳಗಿಡದೆ ಹಾಗೇ ನಿಂತುಬಿಟ್ಟಳು. ಅಂದು ಮನೆ ತುಂಬ ಜನರಿಗೆ ಕಾಫಿ, ನೀರು ಕೊಡುತ್ತ ಓಡಾಡಿದವಳು ಅವಳೇ.

"ನಂಗೆ ಹೊಳೀಲೇ ಇಲ್ಲ ಅತ್ತೆ. ನೀವಾದರೂ ಹೇಳಬಾರದಿತ್ತಾ?"

"ನೀನು ಮನೆ ಅಂದವಾಗಿರಲಿ ಅಂತ ತಂದೆ. ನಿನ್ನ ತಪ್ಪೇನಿದೆ?" ಎಂದೆ. ಆದರೆ ಅವಳ ಮಾತು ಸರಿಯಿತ್ತು. ಮೂರು ದಿನ ಬಾಯಿಬಿಡದೆ ಸಂಪಿನ ಮುಚ್ಚಳ ತುಳಿದು ಓಡಾಡಿದ್ದು ನನ್ನದೇ ದೊಡ್ಡಸ್ತಿಕೆ.

ರಾತ್ರಿ ಊಟಕ್ಕೆ ಕುಳಿತಾಗ ಮಗ ಒಂದು ನೆನಪು ತೆಗೆದ. 2004ರಲ್ಲಿ ಅಥೆನ್ಸ್ ಒಲಿಂಪಿಕ್ಸ್ ನಡೆಯುವಾಗ ಅವರಪ್ಪ ಟಿವಿ ಮುಂದೆಯೇ ಇರುತ್ತಿದ್ದರು. ಶೂಟಿಂಗ್‌ನಲ್ಲಿ ನಮ್ಮ ಸೈನ್ಯದ ಮೇಜರ್ ರಾಜ್ಯವರ್ಧನ್ ಸಿಂಗ್ ರಾಥೋಡ್‌ಗೆ ಬೆಳ್ಳಿ ಬಂತು. ಕೊರಳಲ್ಲಿ ಪದಕ, ತಲೆಯ ಮೇಲೆ ಎಲೆಯ ಬಳೆ. ಆ ಸಲ ಪದಕ ಗೆದ್ದವರಿಗೆಲ್ಲ ಆಲಿವ್ ಎಲೆಯ ಬಳೆ ತೊಡಿಸಿದ್ದರು. ಹಳೆಯ ಕಾಲದಲ್ಲಿ ಗ್ರೀಸಿನ ಒಲಿಂಪಿಯಾದಲ್ಲಿ ಗೆದ್ದವರಿಗೆ ಕಾಡು ಆಲಿವ್ ಕೊಂಬೆಯ ಬಳೆಯೇ ಬಹುಮಾನವಾಗಿತ್ತಂತೆ. "ಅಪ್ಪ ಎದ್ದು ನಿಂತು ಟಿವಿಗೇ ಸೆಲ್ಯೂಟ್ ಹೊಡೆದಿದ್ದರು, ನೆನಪಿದೆಯಾ ಅಮ್ಮ?" ಎಂದ. ನೆನಪಿತ್ತು. ಕಾಫಿ ಲೋಟ ಉರುಳಿ ನನ್ನ ಜಮಖಾನದ ಮೇಲೆ ಚೆಲ್ಲಿದ್ದೂ ನೆನಪಿತ್ತು. ಯುರೋಪಿನ ಕಡೆ ಕ್ರಿಸ್ಮಸ್ ಬಂತೆಂದರೆ ಎಲೆ ಉದುರದ ಮರದ ಕೊಂಬೆಗಳನ್ನು ಬಳೆಯಂತೆ ಬಗ್ಗಿಸಿ ಬಾಗಿಲಿಗೆ ಕಟ್ಟುತ್ತಾರೆ ಎಂದು ಸೊಸೆ ಸೇರಿಸಿದಳು. ಒಂದೇ ವಸ್ತು. ಒಂದು ಕಡೆ ಗೆದ್ದವರ ತಲೆಗೆ, ಒಂದು ಕಡೆ ಬಾಗಿಲಿಗೆ, ಇನ್ನೊಂದು ಕಡೆ ಹೋದವರ ಎದೆಗೆ.

ನಮ್ಮಲ್ಲೂ ಇರಲಿಲ್ಲವೇ? ನಮ್ಮಜ್ಜಿ ತುರುಬಿನ ಸುತ್ತ ಮುಡಿಯುತ್ತಿದ್ದ ಹೂವಿನ ದಂಡೆ ದುಂಡಗೇ ಇರುತ್ತಿತ್ತು. ಬುದ್ಧಿಗೆ ಇದೆಲ್ಲ ಒಪ್ಪಿಗೆಯಾಯಿತು. ಆದರೆ ಆ ಬಿಳಿ ಗುಲಾಬಿಯನ್ನು ಮತ್ತೆ ಬಾಗಿಲಿಗೆ ಹಾಕಿ ಎನ್ನಲು ನಾಲಿಗೆ ಏಳಲಿಲ್ಲ.

ಅಷ್ಟರಲ್ಲಿ ಪುಟ್ಟಿಯ ಶಾಲೆಯ ಕೆಲಸ ಅಡ್ಡ ಬಂತು. ರಜೆ ಮುಗಿಯುವುದರೊಳಗೆ "ನಮ್ಮ ಜಿಲ್ಲೆಯ ಇತಿಹಾಸ" ಎಂಬ ವಿಷಯಕ್ಕೆ ಮನೆಯಲ್ಲೇ ಒಂದು ವಸ್ತು ಮಾಡಿ ತರಬೇಕಂತೆ. ಇವಳ ಗೆಳತಿಯರಲ್ಲಿ ಇಬ್ಬರು ಥರ್ಮೋಕೋಲಿನಲ್ಲಿ ಮಧುಗಿರಿ ಕೋಟೆ, ಒಬ್ಬಳು ದೇವರಾಯನದುರ್ಗ. "ನಂಗೆ ಕೋಟೆ ಬೇಡ, ಎಲ್ಲರೂ ಕೋಟೆ ಮಾಡ್ತಾರೆ" ಎಂದು ಇವಳು ಗ್ರಂಥಾಲಯದಿಂದ ತಂದ ಪುಸ್ತಕ ತಿರುವಿ ಹಾಕುತ್ತಿದ್ದಳು. ಎರಡನೆಯ ದಿನ ಓಡಿ ಬಂದಳು.

"ಅಜ್ಜಿ, ಲಾಲ್‌ಬಾಗ್‌ಗೆ ಅಮ್ಮ ಯಾರು ಗೊತ್ತಾ? ನಮ್ಮ ಶಿರಾ!"

ನಿಜ. ಶಿರಾ ನಮ್ಮ ಜಿಲ್ಲೆಯದೇ ಊರು, ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಇವತ್ತು ಆ ಊರಿನ ಹೆಸರು ಹೇಳಿದರೆ ಹೆದ್ದಾರಿಯ ಹೋಟೆಲು, ಕಡಲೆಕಾಯಿ ನೆನಪಾಗುತ್ತವೆ. ಆದರೆ 1687ರಲ್ಲಿ ಮೊಗಲರು ತಮ್ಮ ದಕ್ಷಿಣದ ಸುಬಾಕ್ಕೆ, ಅಂದರೆ ಪ್ರಾಂತ್ಯಕ್ಕೆ, ಶಿರಾವನ್ನೇ ರಾಜಧಾನಿ ಮಾಡಿಕೊಂಡರು. ಅಲ್ಲಿ ಅಧಿಕಾರದಲ್ಲಿದ್ದ ದಿಲಾವರ್ ಖಾನ್ ಒಂದು ಸೊಗಸಾದ ಅರಮನೆ ಕಟ್ಟಿಸಿದ. ಬೆಂಗಳೂರು, ಶ್ರೀರಂಗಪಟ್ಟಣದ ಅರಮನೆಗಳಿಗೆ ಅದೇ ಮಾದರಿ ಎಂದು ಹೇಳುತ್ತಾರೆ. ಅಲ್ಲಿದ್ದ ತೋಟದ ಹೆಸರು ಖಾನ್ ಬಾಗ್. ಹೈದರಾಲಿ 1760ರಲ್ಲಿ ಬೆಂಗಳೂರಿನಲ್ಲಿ ಲಾಲ್‌ಬಾಗ್ ಶುರು ಮಾಡಿದನಲ್ಲ, ಅದರ ಕಲ್ಪನೆ ಈ ಖಾನ್ ಬಾಗ್‌ನಿಂದ ಬಂದಿರಬಹುದು ಎಂದು ಮೈಸೂರು ಗೆಜೆಟಿಯರ್ ಬರೆದ ಲೂಯಿಸ್ ರೈಸ್ ಹೇಳಿದ್ದಾರೆ. ನಾವು ತುಮಕೂರಿನವರು ಪ್ರತಿ ಜನವರಿಯಲ್ಲೂ ಆಗಸ್ಟಿನಲ್ಲೂ ಫಲಪುಷ್ಪ ಪ್ರದರ್ಶನ ನೋಡಲು ಲಾಲ್‌ಬಾಗ್‌ಗೆ ನುಗ್ಗುತ್ತೇವೆ. 1889ರಲ್ಲಿ ಶಂಕುಸ್ಥಾಪನೆಯಾದ ಅಲ್ಲಿನ ಗಾಜಿನ ಮನೆಯ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತೇವೆ. ನಮ್ಮ ಊರಲ್ಲೂ ಒಂದು ಗಾಜಿನ ಮನೆ ಇದೆ ಎಂದು ಹೆಮ್ಮೆಪಡುತ್ತೇವೆ. ತೋಟದ ತವರು ನಮ್ಮ ಜಿಲ್ಲೆಯಲ್ಲೇ ಇತ್ತು ಎಂಬುದು ಮಾತ್ರ ಮೇಷ್ಟರ ಕೆಲಸ ಮಾಡಿ ನಿವೃತ್ತಳಾದ ನನಗೂ ಮರೆತುಹೋಗಿತ್ತು.

"ಹಾಗಾದರೆ ನಾನು ಶಿರಾ ತೋಟ ಮಾಡ್ತೀನಿ. ದುಂಡಗೆ. ಬಾಗಿಲಿಗೆ ಹಾಕೋ ಹಾಗೆ" ಎಂದಳು ಪುಟ್ಟಿ. ಹೇಳಿದ ಮೇಲೆ ನನ್ನ ಮುಖ ನೋಡಿದಳು. ನಾನು "ಬಿಳಿ ಬೇಡ" ಎಂದೆ, ಅಷ್ಟೇ.

ಕಷ್ಟ ಶುರುವಾದದ್ದು ಅಲ್ಲಿಂದ. ಅವಳ ಪುಸ್ತಕದಲ್ಲಿ ಶಿರಾ ತೋಟದ ಚಿತ್ರ ಇರಲಿಲ್ಲ. "ಮಗಳನ್ನು ನೋಡಿ ಅಮ್ಮನನ್ನು ಬರೆಯೋಣ" ಎಂದಳು ಸೊಸೆ. ಅವಳಿಗೆ ಇಂಥ ಉಪಾಯ ಬೇಗ ಹೊಳೆಯುತ್ತದೆ. 1800ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ನಮ್ಮ ಸೀಮೆಯಲ್ಲೆಲ್ಲ ಓಡಾಡಿ, ಕಂಡದ್ದನ್ನೆಲ್ಲ ಬರೆದಿಟ್ಟ. ಬೆಂಗಳೂರಿನ ತೋಟಗಳನ್ನೂ ನೋಡಿದ್ದಾನೆ. ಚೌಕ ಚೌಕವಾದ ಪಾತಿಗಳು, ನಡುವೆ ನಡೆದಾಡುವ ದಾರಿ, ದಾರಿಯ ಅಂಚಿಗೆ ಚಂದದ ಸೈಪ್ರೆಸ್ ಮರಗಳು. ಒಂದೊಂದು ಗಿಡಕ್ಕೆ ಒಂದೊಂದು ಪಾತಿ. ಒಂದು ಪಾತಿ ತುಂಬ ಬರೀ ಗುಲಾಬಿ, ಇನ್ನೊಂದು ತುಂಬ ಬರೀ ದಾಳಿಂಬೆ. ನಮ್ಮ ಹಿತ್ತಿಲಿನ ಹಾಗೆ ಬದನೆಯ ಪಕ್ಕದಲ್ಲಿ ದಾಸವಾಳ, ಅದರ ಬುಡದಲ್ಲಿ ಪುದೀನ ಎಂಬ ಗೋಜಲಿಲ್ಲ. ಮೊಗಲರ ತೋಟಗಳಲ್ಲಿ ಜಾಗವನ್ನು ನಾಲ್ಕು ಭಾಗ ಮಾಡುವ ಪದ್ಧತಿಯೂ ಇತ್ತು, ಅದಕ್ಕೆ ಚಾರ್ ಬಾಗ್ ಎನ್ನುತ್ತಾರೆ. ಚೌಕದ ತೋಟ ಬಳೆಯಲ್ಲಿ ಕೂರುವುದು ಹೇಗೆ ಎಂದು ನಾನು ತಕರಾರು ತೆಗೆದೆ. ಪುಟ್ಟಿ ಕಾಗದದ ಮೇಲೆ ಒಂದು ವೃತ್ತ ಬರೆದು, ದೋಸೆ ಕತ್ತರಿಸಿದಂತೆ ನಾಲ್ಕು ಭಾಗ ಮಾಡಿ, ನಾಲ್ಕು ಗೆರೆಯ ಮೇಲೂ ಒಂದೊಂದು ಸೈಪ್ರೆಸ್ ಮರ ನಿಲ್ಲಿಸಿದಳು. ಒಂದು ಭಾಗ ಗುಲಾಬಿ, ಒಂದು ದಾಳಿಂಬೆ. "ಇನ್ನೆರಡು ಏನು ಅಂತ ಆ ಬುಕಾನನ್ ತಾತ ಇಲ್ಲಿ ಹೇಳಿಲ್ಲ. ಒಂದು ನಿಂದು, ಒಂದು ಅಮ್ಮಂದು."

ಬಳೆಗೆ ಏನು ಮಾಡುವುದು? ತಂತಿ ತರುತ್ತೇನೆ ಎಂದ ಮಗ. ನನಗೆ ಸಿಂಬಿ ನೆನಪಾಯಿತು. ಈಗಿನ ಮಕ್ಕಳಿಗೆ ಹೇಳಬೇಕು: ನೀರಿನ ಕೊಡವನ್ನೋ ಹುಲ್ಲಿನ ಹೊರೆಯನ್ನೋ ತಲೆಯ ಮೇಲೆ ಹೊರುವಾಗ ನೆತ್ತಿಗೆ ಒತ್ತದಿರಲೆಂದು ಬಟ್ಟೆಯನ್ನೋ ಹುಲ್ಲನ್ನೋ ಸುತ್ತಿ ಮಾಡಿಕೊಳ್ಳುವ ದುಂಡನೆಯ ಮೆತ್ತೆ ಅದು. ಹುಲ್ಲಿನ ಸಿಂಬಿಗಿಂತ ಒಳ್ಳೆಯ ಬಳೆ ಎಲ್ಲಿ ಸಿಗುತ್ತದೆ? ಆದರೆ ತುಮಕೂರು ಪೇಟೆಯಲ್ಲಿ ರಾಗಿ ಹುಲ್ಲು ಎಲ್ಲಿಂದ ತರುವುದು? ನಾನೂ ಪುಟ್ಟಿಯೂ ಕುಣಿಗಲ್ ಬಸ್ಸು ಹತ್ತಿದೆವು. ಅದು ನಮ್ಮ ಯಜಮಾನರ ಊರು. ಅವರ ತಮ್ಮನ ಮನೆ ಅಲ್ಲಿದೆ.

"ಒಂದು ಸಿಂಬಿ ಹುಲ್ಲಿಗೆ ಬಸ್ ಚಾರ್ಜು ಕೊಟ್ಕೊಂಡು ಬಂದ್ರಾ ಅಕ್ಕ?" ಎಂದು ನನ್ನ ವಾರಗಿತ್ತಿ ನಕ್ಕಳು.

"ಬಸ್ ಚಾರ್ಜು ಎಲ್ಲೀದೇ? ಆಧಾರ್ ಕಾರ್ಡ್ ತೋರಿಸಿ ಬಂದ್ವಿ."

ಮಧ್ಯಾಹ್ನದ ಮುದ್ದೆ ಊಟವಾದ ಮೇಲೆ ಪುಟ್ಟಿಯನ್ನು ಕೆರೆ ಏರಿಯ ಮೇಲೆ ಕರೆದುಕೊಂಡು ಹೋದೆ. ಮೂಡಲ ಕುಣಿಗಲ್ ಕೆರೆ ಎಂದರೆ ಹಾಡಿನಲ್ಲಿ ಕೇಳಿದ್ದಳೇ ಹೊರತು ನೀರು ನೋಡಿರಲಿಲ್ಲ. ಅಲ್ಲಿನ ಕುದುರೆ ಫಾರಂ ಟಿಪ್ಪುವಿನ ಕಾಲದಿಂದ ಬಂದದ್ದು, ಅವನ ಸೈನ್ಯಕ್ಕೆ ಕುದುರೆ ಸಾಕುತ್ತಿದ್ದ ಜಾಗ. ಅವಳ ತಾತ ಹುಡುಗನಾಗಿದ್ದಾಗ ಬೇಲಿಯಾಚೆ ನಿಂತು ಕುದುರೆಗಳನ್ನು ನೋಡುತ್ತ ನಿಂತುಬಿಡುತ್ತಿದ್ದರಂತೆ, ಶಾಲೆಗೆ ಹೋಗುವುದು ತಡವಾಗಿ ಪೆಟ್ಟು ತಿನ್ನುತ್ತಿದ್ದರಂತೆ. ಸೈನ್ಯ ಸೇರುವ ಹುಚ್ಚು ಹತ್ತಿದ್ದೂ ಆ ಬೇಲಿಯ ಹತ್ತಿರವೇ ಇರಬೇಕು.

ಸಿಂಬಿ ಸುತ್ತಲು ಕುಳಿತರೆ ನನ್ನ ಕೈಗೆ ಮರೆತೇಹೋಗಿತ್ತು. ಒಣ ರಾಗಿ ಹುಲ್ಲು ಪಟಪಟ ಮುರಿಯಿತು. ವಾರಗಿತ್ತಿ ಬಂದು ಹುಲ್ಲಿನ ಮೇಲೆ ನೀರು ಚಿಮುಕಿಸಿ, ಗೋಣಿಚೀಲ ಮುಚ್ಚಿ ಅರ್ಧ ಗಂಟೆ ಬಿಟ್ಟು, ಆಮೇಲೆ ಎಡಗೈಯಲ್ಲಿ ಹಿಡಿದು ಬಲಗೈಯಲ್ಲಿ ಹೊಸೆಯುತ್ತ ಹೋದಳು. ಹುಲ್ಲು ಹಾವಿನಂತೆ ಸುತ್ತಿಕೊಂಡಿತು. ಮೇಲೆ ಬಾಳೆ ನಾರಿನಲ್ಲಿ ಬಿಗಿದಳು. ಪುಟ್ಟಿ ವಾಪಸ್ ಬರುವಾಗ ಬಸ್ಸಿನಲ್ಲಿ ಅದನ್ನು ತಲೆಯ ಮೇಲಿಟ್ಟುಕೊಂಡೇ ಕುಳಿತಳು. ಕಂಡಕ್ಟರ್ "ಕೊಡ ಎಲ್ಲಮ್ಮ?" ಎಂದು ಕೇಳಿದ.

ಇನ್ನು ಹೂವು. ಕೃತಕ ಹೂವು ಎಂದರೆ ಮೊನ್ನೆ ಮೊನ್ನೆ ಪ್ಲಾಸ್ಟಿಕ್ ಬಂದ ಮೇಲೆ ಶುರುವಾದದ್ದು ಎಂದು ಪುಟ್ಟಿ ತಿಳಿದಿದ್ದಳು. ನಾನು ಗುಬ್ಬಿಯ ಮಗಳು, ಸುಮ್ಮನಿರುತ್ತೇನೆಯೇ? ನಮ್ಮ ಮದುವೆಗಳಲ್ಲಿ ಹಣೆಗೆ ಕಟ್ಟುವ ಬಾಸಿಂಗದಲ್ಲಿರುವುದು ಗಿಡದ ಹೂವಲ್ಲ. ನೀರಿನಲ್ಲಿ ಬೆಳೆಯುವ ಗಿಡದ ಹಗುರವಾದ ಬಿಳಿ ತಿರುಳು, ಅದಕ್ಕೆ ಬೆಂಡು ಎನ್ನುತ್ತಾರೆ, ಅದನ್ನು ತೆಳ್ಳಗೆ ಸೀಳಿ ಚಿತ್ರಗಾರರು ಹೂ ಮಾಡುತ್ತಿದ್ದರು. ದೇವರಿಗೆ ಹಾಕುವ ಗೆಜ್ಜೆವಸ್ತ್ರ ಇನ್ನೇನು, ಹತ್ತಿಯ ಮೊಗ್ಗಿನ ಹಾರ. ನಾನು ಹುಡುಗಿಯಾಗಿದ್ದಾಗ ಮನೆ ಮನೆಯ ಬಾಗಿಲಿಗೆ ಮಣಿಯ ತೋರಣ, ಅದರಲ್ಲಿ ಗಿಳಿ, ಗುಲಾಬಿ, "ಸುಸ್ವಾಗತ" ಎಂಬ ಅಕ್ಷರ. ಇವೆಲ್ಲಕ್ಕಿಂತ ದೊಡ್ಡ ಕೃತಕ ತೋಟ ನಮ್ಮ ಊರಿನ ಹೆಸರು ಹೊತ್ತು ನಾಡೆಲ್ಲ ತಿರುಗಿತ್ತು. ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿ, ಆಮೇಲೆ ವೀರಣ್ಣನವರ ಕೈಯಲ್ಲಿ ಬೆಳೆದದ್ದು. ಕುರುಕ್ಷೇತ್ರ ನಾಟಕಕ್ಕೆ ರಂಗದ ಮೇಲೆ ನಿಜವಾದ ಆನೆ ತಂದವರು ಅವರು. ಆದರೆ ತೋಟದ ಸೀನಿಗೆ ತೋಟ ತರಲಾಗುತ್ತದೆಯೇ? ಬಣ್ಣ ಬಳಿದ ಪರದೆಯೇ ತೋಟ. ನಮ್ಮಪ್ಪ ಹೇಳುತ್ತಿದ್ದರು: ಆ ತೋಟದ ಪರದೆ ಇಳಿಯಿತೆಂದರೆ ಮುಂದಿನ ಸಾಲಿನ ಕೆಲವರು "ಮಲ್ಲಿಗೆ ಘಮ ಬಂತು" ಎನ್ನುತ್ತಿದ್ದರಂತೆ! ಗ್ಯಾಸ್‌ಲೈಟಿನ ಕಾವಿಗೆ ನಿಜವಾದ ಹೂ ಬಾಡುತ್ತದೆಂದು ರಾಜನ ಕೊರಳಿಗೆ ಕಾಗದದ ಹಾರವೇ ಗತಿಯಂತೆ.

ಶ್ರೀರಂಗಪಟ್ಟಣದ ದರಿಯಾ ದೌಲತ್‌ಗೆ ಪುಟ್ಟಿ ಶಾಲೆಯ ಪ್ರವಾಸದಲ್ಲಿ ಹೋಗಿದ್ದಳು. 1784ರ ಆ ಅರಮನೆಯಲ್ಲಿ ಗೋಡೆ, ಕಂಬ, ಚಾವಣಿ ಎನ್ನದೆ ಎಲ್ಲ ಕಡೆ ಬಣ್ಣದ ಹೂಬಳ್ಳಿ. "ಹೊರಗೂ ತೋಟ, ಒಳಗೂ ತೋಟ ಅಜ್ಜಿ" ಎಂದು ಅವಳೇ ನೆನಪಿಸಿಕೊಂಡಳು.

ಗುಲಾಬಿಗೆ ನನ್ನ ಹಳೆಯ ಕೆಂಪು ಸೀರೆ ಹರಿದೆವು. ಎರಡು ಬೆರಳು ಅಗಲದ ಉದ್ದನೆಯ ಪಟ್ಟಿ ಮಾಡಿ, ಉದ್ದಕ್ಕೆ ಅರ್ಧ ಮಡಚಿ, ಒಂದು ತುದಿಯಿಂದ ಬಿಗಿಯಾಗಿ ಸುತ್ತುತ್ತ ಬರಬೇಕು. ಮೂರು ಸುತ್ತಾದ ಮೇಲೆ ಪ್ರತಿ ಸುತ್ತಿಗೂ ಪಟ್ಟಿಯನ್ನು ಒಮ್ಮೆ ಹೊರಕ್ಕೆ ತಿರುಚಿದರೆ ಪಕಳೆ ಅರಳಿದ ಹಾಗಾಗುತ್ತದೆ. ಬುಡಕ್ಕೆ ಸೂಜಿ ದಾರದಲ್ಲಿ ನಾಲ್ಕು ಹೊಲಿಗೆ. ಅಂಟು ಕರಗಿಸುವ ಗನ್ ತಂದು ಬೆರಳು ಸುಟ್ಟುಕೊಂಡದ್ದು ನನ್ನ ಮಗ. ಆಮೇಲೆ ಅದನ್ನು ಮೇಲೆತ್ತಿಟ್ಟು ಎಲ್ಲದಕ್ಕೂ ಸೂಜಿ ದಾರವೇ ಆಯಿತು. ದಾಳಿಂಬೆ ಹೂವಿಗೆ ಕ್ರೇಪ್ ಕಾಗದ. ನಿಜವಾದ ದಾಳಿಂಬೆ ಹೂವನ್ನು ಹತ್ತಿರದಿಂದ ನೋಡಿ: ಹೊರಗೆ ಮೇಣದಂಥ ದಪ್ಪ ಕೆಂಪು ಬಟ್ಟಲು, ಅದರ ಅಂಚು ಕಿರೀಟದಂತೆ ಮೊನಚು, ಒಳಗೆ ಮುದುರಿ ಮುದುರಿ ಇಟ್ಟ ಪಕಳೆ. ಇಸ್ತ್ರಿ ಮಾಡದ ಬಟ್ಟೆಯ ಹಾಗೆ. ಮುದುರಿದ ಕ್ರೇಪ್ ಕಾಗದ ಅದಕ್ಕೆಂದೇ ಹುಟ್ಟಿದ್ದು. ಸೊಸೆ ತನ್ನ ಪಾಲಿಗೆ ಸೇವಂತಿಗೆ ಆರಿಸಿಕೊಂಡಳು. ಅವಳ ತಂದೆ ಸೇವಂತಿಗೆ ಬೆಳೆದು ಅಂತರಸನಹಳ್ಳಿ ಮಾರುಕಟ್ಟೆಗೆ ಹಾಕುತ್ತಿದ್ದವರು. ಹಳದಿ ಕಾಗದದ ಪಟ್ಟಿಯ ಒಂದು ಅಂಚನ್ನು ಬಾಚಣಿಗೆಯ ಹಲ್ಲಿನಂತೆ ಕತ್ತರಿಸಿ ಸುರುಳಿ ಸುತ್ತಿ ಬಿಡಿಸಿದರೆ ಆಯಿತು. "ಅಪ್ಪ ನೋಡಿದ್ದರೆ, ಇದಕ್ಕೆ ಔಷಧಿ ಹೊಡೆಯೋ ಖರ್ಚಿಲ್ಲ ಅಂತಿದ್ದರು" ಎಂದಳು. ಅವಳು ಅವರಪ್ಪನ ಹೊಲದ ಮಾತೆತ್ತಿದ್ದನ್ನು ನಾನು ಇಷ್ಟು ವರ್ಷದಲ್ಲಿ ಹೆಚ್ಚು ಕೇಳಿರಲಿಲ್ಲ.

ನನ್ನ ಪಾಲು ಕಾಕಡ. ಅಮ್ಮ ಕಲಿಸಿದ ಗೆಜ್ಜೆವಸ್ತ್ರದ ಕೈ ಇನ್ನೂ ಉಳಿದಿತ್ತು. ಹತ್ತಿ ಬಿಡಿಸಿ, ಬೆರಳ ತುದಿಗೆ ಚೂರು ಹಾಲು ಮುಟ್ಟಿಸಿಕೊಂಡು, ಎಳೆ ಎಳೆದು ಹೊಸೆಯುವುದು, ಬೆರಳಗಲ ಬಿಟ್ಟು ಒಂದು ಮೊಗ್ಗು ಉಬ್ಬಿಸುವುದು. ಬಿಳಿ ಬೇಡ ಎಂದವಳು ನಾನೇ. ಕೊನೆಗೆ ಬಿಳಿ ಹೂ ಮಾಡಿದವಳೂ ನಾನೇ. ಪುಟ್ಟಿ ಬಾಯಿ ತೆರೆದಳು, ಅವಳಮ್ಮ ಕಣ್ಣಲ್ಲೇ ಸುಮ್ಮನಿರು ಎಂದಳು.

ಉಳಿದದ್ದು ಸೈಪ್ರೆಸ್. ಹಸಿರು ಉಣ್ಣೆ ಬೇಕಿತ್ತು. ಅಂಗಡಿಯಲ್ಲಿ ಸಿಕ್ಕಿದ್ದು ಗಿಳಿ ಹಸಿರು, ಸೈಪ್ರೆಸ್ ಮರ ಕಪ್ಪು ಹಸಿರು. ಒಂದು ರಾತ್ರಿ ಯೋಚಿಸಿ, ಬೆಳಿಗ್ಗೆ ಟ್ರಂಕಿನಿಂದ ಅವರ ಸೈನ್ಯದ ಸ್ವೆಟರ್ ತೆಗೆದೆ. ಮೊಣಕೈ ಸವೆದಿತ್ತು, ಕಾಲರಿನ ಹತ್ತಿರ ನುಸಿ ತಿಂದಿತ್ತು. "ಅಮ್ಮಾ, ಬೇಡ" ಎಂದ ಮಗ. "ಟ್ರಂಕಿನಲ್ಲಿಟ್ಟು ನುಸಿಗೆ ಹಾಕೋದಕ್ಕಿಂತ ಮೇಲು" ಎಂದೆ, ಧೈರ್ಯವಾಗಿಯೇ. ಮೊದಲ ಎಳೆ ಬಿಚ್ಚಿದ್ದು ಮಾತ್ರ ಪುಟ್ಟಿ. ಹೆಣಿಗೆ ಬಿಚ್ಚಿದ ಉಣ್ಣೆ ನೆಟ್ಟಗಿರುವುದಿಲ್ಲ, ಗುಂಗುರು ಗುಂಗುರಾಗಿ ಬರುತ್ತದೆ. ಮತ್ತೆ ಹೆಣೆಯುವವರು ಅದನ್ನು ನೀರಿನಲ್ಲಿ ನೆನೆಸಿ, ಭಾರ ಕಟ್ಟಿ ನೇರ ಮಾಡುತ್ತಾರೆ. ನಾವು ಮಾಡಲಿಲ್ಲ. ಆ ಗುಂಗುರೇ ಎಲೆಯಾಯಿತು. ರಟ್ಟಿನ ಮೇಲೆ ಸುತ್ತಿ, ನಡುವೆ ಕಟ್ಟಿ, ಕತ್ತರಿಯಲ್ಲಿ ಮೇಲೆ ಚೂಪು ಕೆಳಗೆ ಅಗಲ ಮಾಡಿದರೆ ನಾಲ್ಕು ಮರ ಎದ್ದು ನಿಂತವು. ಉಳಿದ ಉಂಡೆಯನ್ನು ಪುಟ್ಟಿ ತನ್ನ ಪೆನ್ಸಿಲ್ ಡಬ್ಬಿಯಲ್ಲಿಟ್ಟುಕೊಂಡಳು.

ಎಲ್ಲ ಹೊಲಿದು ಮುಗಿಸಿ ಮೊಳೆಗೆ ತೂಗುಹಾಕಿದರೆ ಸಿಂಬಿ ಮೊಟ್ಟೆಯಂತೆ ಜೋತುಬಿದ್ದಿತು. ಹೊರುವ ಭಾರಕ್ಕೆ ಮಾಡಿದ್ದು ಸಿಂಬಿ, ತೂಗುವ ಭಾರಕ್ಕಲ್ಲ. ತೋಟದ ಗುಲಾಬಿ ಪಾತಿ ಕೆಳಗಿಳಿದು ದಾಳಿಂಬೆಗೆ ಡಿಕ್ಕಿ ಹೊಡೆಯಿತು. ಪುಟ್ಟಿಗೆ ಅಳು ಬರುವಂತಾಯಿತು. ಸ್ವಲ್ಪ ಹೊತ್ತು ಕುಳಿತಿದ್ದು, ಮಂಚದ ಕೆಳಗೆ ತೂರಿ, ಆ ಬಿಳಿ ಗುಲಾಬಿಯ ರೀತ್ ಎಳೆದು ತಂದಳು.

"ಅಜ್ಜಿ, ಇದರೊಳಗೆ ಗಟ್ಟಿ ಕಬ್ಬಿಣದ ಬಳೆ ಇದೆ. ಹೂ ಎಲ್ಲ ಕಿತ್ತು ಬಳೆ ಮಾತ್ರ ಒಳಗೆ ಹಾಕೋಣ್ವಾ? ಹೊರಗೆ ಕಾಣಲ್ಲ."

ಮೂವರೂ ನನ್ನನ್ನು ನೋಡಿದರು. ನಾನು ಕೈಚಾಚಿದೆ. ಒಂದೊಂದೇ ಪ್ಲಾಸ್ಟಿಕ್ ಹೂ ಬಿಡಿಸಿದವಳು ನಾನೇ. ಎತ್ತಿ ನೋಡಿದರೆ ಆ ಬಳೆಗೆ ತೂಕವೇ ಇರಲಿಲ್ಲ. ಒಂದು ಸೌಟಿನಷ್ಟು ಸಹ ಇಲ್ಲ. ಅದನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಕುಳಿತಿದ್ದೆ. ಆಮೇಲೆ ಸಿಂಬಿಯ ನಾರು ಬಿಚ್ಚಿ, ಬಳೆ ಒಳಗಿಟ್ಟು, ಹುಲ್ಲು ಮುಚ್ಚಿ ಮತ್ತೆ ಬಿಗಿದೆವು. ಈ ಸಲ ತೋಟ ದುಂಡಗೆ ನಿಂತಿತು. ಬಿಡಿಸಿದ ಹೂಗಳನ್ನು ಸೊಸೆ ಅಂಟುವಾಳದ ನೀರಿನಲ್ಲಿ ತೊಳೆದು ಗಾಜಿನ ಲೋಟದಲ್ಲಿಟ್ಟು ತನ್ನ ಕಂಪ್ಯೂಟರ್ ಪಕ್ಕ ಇಟ್ಟುಕೊಂಡಿದ್ದಾಳೆ. ಪ್ಲಾಸ್ಟಿಕ್ ಹೂವಿನ ಪಾಡೇ ಅಷ್ಟು, ಬಾಡುವುದಿಲ್ಲ, ಆದರೆ ವಾರಕ್ಕೊಮ್ಮೆ ಸ್ನಾನ ಮಾಡಿಸಬೇಕು.

ಮೊದಲು ನೋಡಿದವಳು ಹೂವಮ್ಮ. ದಿನಾ ಬೆಳಿಗ್ಗೆ ಬುಟ್ಟಿ ಹೊತ್ತು ಬಂದು ಒಂದು ಮ��ಳ ಕೊಟ್ಟು ಹೋಗುವವಳು, ಹಬ್ಬಕ್ಕಾದರೆ ಮಾರು. ಅವಳ ತಲೆಯ ಮೇಲೆ ಇಂದಿಗೂ ಬಟ್ಟೆಯ ಸಿಂಬಿ ಇದೆ. ಬಾಗಿಲ ಮುಂದೆ ನಿಂತು, ಸೇವಂತಿಗೆಯನ್ನು ಬೆರಳಲ್ಲಿ ಮುಟ್ಟಿ ನೋಡಿ ಕೇಳಿದಳು: "ಅಮ್ಮಾ, ಇನ್ಮೇಲೆ ನನ್ನ ಹೂ ಬ್ಯಾಡ್ವಾ?"

ನಗುತ್ತಲೇ ಕೇಳಿದಳು. ಆದರೆ ಅದು ನಗುವ ಪ್ರಶ್ನೆಯಲ್ಲ. ಮದುವೆ ಛತ್ರಗಳಲ್ಲಿ ಮಂಟಪಕ್ಕೆ ಪ್ಲಾಸ್ಟಿಕ್ ಹೂವೇ ಬಂದ ಮೇಲೆ, ಅಂಗಡಿಗಳ ಬಾಗಿಲಿಗೆ ವರ್ಷವಿಡೀ ಅದೇ ಹಳದಿ ಚೆಂಡುಹೂವಿನ ಸರ ನೇತಾಡತೊಡಗಿದ ಮೇಲೆ, ಇವಳ ಬುಟ್ಟಿ ಮೊದಲಿನಷ್ಟು ಬೇಗ ಖಾಲಿಯಾಗುವುದಿಲ್ಲ. ನನಗೆ ಉತ್ತರ ಹೊಳೆಯುವ ಮುಂಚೆ ಪುಟ್ಟಿ "ಇದು ಇತಿಹಾಸದ ಹೂವು, ದೇವರಿಗೆ ನಿಮ್ಮದೇ" ಎಂದಳು. "ಹಂಗಾರೆ ಸರಿ ಬಿಡವ್ವ" ಎಂದು ಹೂವಮ್ಮ ಒಂದು ಮೊಳ ಕಾಕಡ ಅಳೆದು, ನನ್ನ ಹತ್ತಿಯ ಮೊಗ್ಗಿನ ಪಕ್ಕ ಹಿಡಿದು ನೋಡಿದಳು. "ನಿಮ್ಮವು ಸ್ವಲ್ಪ ದಪ್ಪ ಆದ್ವು" ಎಂದು ತಪ್ಪು ಹೇಳಿಯೇ ಹೋದಳು. ದೀಪಾವಳಿಗೆ ಆ ಸಲ ಎರಡು ಮಾರು ಹೆಚ್ಚಿಗೆ ತೆಗೆದುಕೊಂಡೆ.

ತೋಟ ಶಾಲೆಗೆ ಹೋಗಿ ಎರಡು ದಿನ ಇದ್ದು, ಒಂದು ಗುಲಾಬಿ ಕಡಿಮೆಯಾಗಿ ವಾಪಸ್ ಬಂತು. ಕೋಟೆಗಳ ನಡುವೆ ಇದೊಂದೇ ತೋಟವಂತೆ. ಈಗ ಮುಂದಿನ ಬಾಗಿಲಿನಲ್ಲೇ ಇದೆ. ನಾನು ದಿನಾ ಅದೇ ಬಾಗಿಲಲ್ಲಿ ಓಡಾಡುತ್ತೇನೆ, ಹೋಗುವಾಗ ಬರುವಾಗ ಒಂದು ಸೈಪ್ರೆಸ್ ಮರವನ್ನು ಸರಿಮಾಡುವ ನೆಪದಲ್ಲಿ ಮುಟ್ಟುತ್ತೇನೆ.

ಹೊಸ ತೊಂದರೆ ಏನೆಂದರೆ, ಎದುರಿನ ತೆಂಗಿನಮರದ ಅಳಿಲು. ಬೆಳಿಗ್ಗೆ ಆರೂವರೆಗೆ ಬಾಗಿಲ ಚೌಕಟ್ಟು ಹತ್ತಿ, ಬೇರೆ ಮೂರು ಪಾತಿಯನ್ನೂ ಮೂಸಿ ಬಿಟ್ಟು, ನನ್ನ ಕಾಕಡ ಪಾತಿಯಿಂದ ಮಾತ್ರ ಹತ್ತಿ ಕಿತ್ತು ಬಾಯಲ್ಲಿ ತುರುಕಿಕೊಂಡು ಓಡುತ್ತದೆ. ಗೂಡಿಗಿರಬೇಕು. ತೋಟವನ್ನು ಒಳಗಿನ ಗೋಡೆಗೆ ಹಾಕೋಣ ಎಂದರೆ ಪುಟ್ಟಿ ಒಪ್ಪುವುದಿಲ್ಲ. ಹಾಗಾಗಿ ಪ್ರತಿ ಭಾನುವಾರ ಬೆರಳಿಗೆ ಹಾಲು ಮುಟ್ಟಿಸಿಕೊಂಡು ಹತ್ತು ಹನ್ನೆರಡು ಮೊಗ್ಗು ಹೊಸೆಯಲು ಕೂರುತ್ತೇನೆ. ಹೂವಮ್ಮ ಹೇಳಿದ ಮೇಲೆ ಸ್ವಲ್ಪ ಸಣ್ಣಗೇ ಮಾಡುತ್ತಿದ್ದೇನೆ.